ಸಾಸಿವೆ ಸಿಂಗಣ್ಣ ಮತ್ತು ಇಂದಕ್ಕನ ತಿಪ್ಪೆ

ಇಂದುಮತಿಗೆ ಕಪ್ಪು ಚುಕ್ಕೆ ಕಂಡರೆ ಆಗುತ್ತಿರಲಿಲ್ಲ. ಗೋಡೆಯ ಮೇಲಿದ್ದರೆ ಒರೆಸುವಳು, ಬಟ್ಟೆಯ ಮೇಲಿದ್ದರೆ ತಿಕ್ಕುವಳು. ಇಂಥವರಿಗೆ ಎಂಥ ಕೆಲಸ ಸಿಗಬೇಕೋ ಅಂಥದ್ದೇ ಸಿಕ್ಕಿತ್ತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಹಾಕಿ, ಅವುಗಳ ಮೇಲಿನ ಧೂಳು, ಗೀರು, ಬೂಷ್ಟಿನ ಕಲೆ ತೆಗೆದು, ಹೊಚ್ಚ ಹೊಸದರಂತೆ ಮಾಡಿ ಡಿವಿಡಿಗೆ ಏರಿಸುವುದು. ಡಿವಿಡಿ ಅಂದರೆ ಏನು ಅಂತ ಕೇಳಬೇಡಿ ಮಕ್ಕಳೇ, ನಿಮ್ಮ ಮನೆ ಅಟ್ಟದ ಮೇಲೆ ನಾಲ್ಕಾದರೂ ಬಿದ್ದಿರುತ್ತವೆ. ಅಂಗೈ ಅಗಲದ, ಹೊಳೆಯುವ ಬಿಲ್ಲೆ. ಅದನ್ನು ಪೆಟ್ಟಿಗೆಗೆ ಹಾಕಿದರೆ ಟೀವಿಯಲ್ಲಿ ಸಿನಿಮಾ ಬರುತ್ತಿತ್ತು.

ಆ ಕಂಪನಿಯ ಮಾಲೀಕರು ಲೋಕಪ್ಪನವರು. ಮಾತು ಜೋರು, ಮನಸ್ಸು ಅಷ್ಟೇನೂ ಜೋರಲ್ಲ. ಆ ವರ್ಷ ಅವರ ಕೈಗೆ ಒಂದು ನಿಧಿಯೇ ಸಿಕ್ಕಿತು. ಮೂವತ್ತು ವರ್ಷದ ಹಿಂದೆ ಪ್ರತಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತಿದ್ದ ‘ಸಾಸಿವೆ ಸಿಂಗಣ್ಣ’ ಎಂಬ ಕಾರ್ಟೂನು. ಟೀವಿಯವರ ಹತ್ತಿರ ಅದರ ಟೇಪು ಉಳಿದಿರಲಿಲ್ಲ. ಚಿತ್ರ ಬರೆದ ಮೈಸೂರಿನ ಫಣಿರಾಜ ಮೇಷ್ಟ್ರ ಮನೆಯಲ್ಲಿ ಮಾತ್ರ ಹದಿಮೂರು ಕಂತುಗಳ ಫಿಲ್ಮು ತಗಡಿನ ಡಬ್ಬಿಗಳಲ್ಲಿ ಉಳಿದಿತ್ತು. ಡಬ್ಬಿ ತೆಗೆದರೆ ಹುಳಿ ನಾತ, ಕೆಟ್ಟ ಉಪ್ಪಿನಕಾಯಿಯದ್ದೇ ವಾಸನೆ. ಮಕ್ಕಳ ದಿನಾಚರಣೆಗೆ ಡಿವಿಡಿ ಬಿಡುಗಡೆ ಅಂತ ಲೋಕಪ್ಪನವರು ಊರಿಗೆಲ್ಲ ಹೇಳಿಬಿಟ್ಟರು. ಕೆಲಸ ಇಂದುಮತಿಗೆ ಬಂತು.

ಸಿಂಗಣ್ಣ ಯಾರು ಅಂತ ಹೇಳಲೇ ಇಲ್ಲ ನೋಡಿ. ಒಗ್ಗರಣೆ ಬಾಣಲೆಯಿಂದ ಚಟ್ ಅಂತ ಸಿಡಿದು ತಪ್ಪಿಸಿಕೊಂಡ ಒಂದು ಸಾಸಿವೆ ಕಾಳು. ಹತ್ತಿರದಿಂದ ತೋರಿಸಿದಾಗ ಅವನಿಗೆ ಪೇಟ, ಮೀಸೆ, ಕೈಯಲ್ಲೊಂದು ಬೆತ್ತ. ಪೈಲ್ವಾನನ ಮೂಗಿಗೆ ಹೊಕ್ಕು ಸೀನಿಸುವನು, ಕಳ್ಳನ ಕಿವಿಗೆ ಹೊಕ್ಕು ಬುದ್ಧಿ ಹೇಳುವನು. ಸಾಸಿವೆಯಷ್ಟೇ ಗಾತ್ರ, ಜಂಬ ಮಾತ್ರ ಕುಂಬಳಕಾಯಿಯಷ್ಟು.

ಇಂದುಮತಿ ಚಿಕ್ಕವಳಿದ್ದಾಗ ಇದನ್ನು ನೋಡಿದ್ದಳು, ಆದರೆ ಪಕ್ಕದ ಮನೆಯ ಕಿಟಕಿಯ ಆಚೆ ನಿಂತು. ಅವರ ಮನೆಯಲ್ಲಿ ಟೀವಿ ಇರಲಿಲ್ಲ. ಒಳಗೆ ಕೂತ ಮಕ್ಕಳು ಆಗಾಗ ಹೋ ಅಂತ ಕೂಗುತ್ತ ಎದ್ದು ಓಡಿ ಟೀವಿಯ ಗಾಜಿಗೆ ಬೆರಳಿಡುತ್ತಿದ್ದವು. ಯಾಕೆ ಹಾಗೆ ಮಾಡುತ್ತವೆ ಅಂತ ಅವಳಿಗೆ ತಿಳಿಯುತ್ತಿರಲಿಲ್ಲ. ಕೇಳೋಣ ಅಂದರೆ ನಾಚಿಕೆ. ಹುಚ್ಚು ಮಕ್ಕಳು ಅಂದುಕೊಂಡು ಸುಮ್ಮನಿದ್ದಳು. ಈಗ ಅದೇ ಸಿಂಗಣ್ಣ ತನ್ನ ಕೈಗೆ ಬಂದಿದ್ದಾನೆ ಅಂದರೆ ಅವಳ ಸಂತೋಷ ಕೇಳಬೇಕೆ?

ಫಿಲ್ಮು ಎಷ್ಟು ಸೊರಗಿತ್ತೆಂದರೆ ಒಂದು ಸಲ ಕಂಪ್ಯೂಟರಿಗೆ ಹತ್ತಿಸುವಷ್ಟರಲ್ಲಿ ಪುಡಿಪುಡಿಯಾಯಿತು. ಆಮೇಲೆ ಧೂಳು ತೆಗೆಯುವ ಯಂತ್ರದ ಸರದಿ. ಅದರ ಲೆಕ್ಕಾಚಾರ ಸುಲಭ. ಕಾರ್ಟೂನು ಅಂದರೆ ಒಂದರ ಹಿಂದೆ ಒಂದು ಸರಸರ ಓಡುವ ಸಾವಿರಾರು ಚಿತ್ರ. ಒಂದು ಚಿತ್ರದಲ್ಲಿರುವ ಚುಕ್ಕೆ ಮುಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಇಲ್ಲದಿದ್ದರೆ ಅದು ಧೂಳು, ಒರೆಸು. ಯಂತ್ರವನ್ನು ಎಷ್ಟು ಬಿಗಿ ಮಾಡಬಹುದೋ ಅಷ್ಟೂ ಬಿಗಿ ಮಾಡಿದಳು ಇಂದುಮತಿ. ಒಂದು ಚುಕ್ಕೆಯೂ ಉಳಿಯಬಾರದು ಅಂತ ಅವಳ ಹಟ. ಯಂತ್ರ ಇದ್ದೊಂದು ಪ್ರತಿಯ ಮೇಲೆಯೇ ಒರೆಸುತ್ತ ಹೋಯಿತು, ಬೇರೆ ಪ್ರತಿ ಇರಲಿಲ್ಲ.

ಆದರೆ ಅವಳದ್ದೊಂದು ವಿಚಿತ್ರ ಅಭ್ಯಾಸವಿತ್ತು. ಯಂತ್ರ ಒರೆಸಿದ್ದನ್ನೆಲ್ಲ ಬೇರೆ ಕಡೆ ಕೂಡಿಡುತ್ತಿದ್ದಳು. ಅದು ಅವಳ ತಾಯಿಯಿಂದ ಬಂದದ್ದು. ತಾಯಿ ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲು, ಹೊಟ್ಟನ್ನೆಲ್ಲ ಮೊರದ ಮೂಲೆಗೆ ತಳ್ಳುತ್ತಿದ್ದಳು. ಎಸೆಯುವ ಮುಂಚೆ ಅದನ್ನು ಅಂಗೈಗೆ ಸುರಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಇನ್ನೊಮ್ಮೆ ನೋಡುತ್ತಿದ್ದಳು. ಕಲ್ಲಿನ ಜೊತೆ ನಾಲ್ಕು ಅಕ್ಕಿ ಕಾಳು ಹೋಗಿಯೇ ಇರುತ್ತವೆ ಅನ್ನುವಳು. ನಿಜ, ಯಾವಾಗಲೂ ಹೋಗಿರುತ್ತಿದ್ದವು.

ಜೊತೆಗೆ ಕೆಲಸ ಮಾಡುವ ತೇಜಕುಮಾರ ಅದಕ್ಕೆ ‘ಇಂದಕ್ಕನ ತಿಪ್ಪೆ’ ಅಂತಲೇ ಹೆಸರಿಟ್ಟಿದ್ದ. ಕಂಪ್ಯೂಟರಿನಲ್ಲೂ ಹಾಗೇ ಬರೆದಿಟ್ಟಿದ್ದ. ತಿಪ್ಪೆ ಬೆಳೆದು ಬೆಳೆದು ಜಾಗವೆಲ್ಲ ನುಂಗಿತು. ಮುಂದಿನ ಕೆಲಸಕ್ಕೆ ಜಾಗ ಬೇಕು, ಧೂಳನ್ನು ಯಾರಾದರೂ ಜೋಪಾನ ಮಾಡುತ್ತಾರೇನ್ರೀ ಅಂತ ಲೋಕಪ್ಪನವರು ಎರಡು ಸಲ ಗದರಿದರು. ಮೂರನೆಯ ಸಲ ಇಂದುಮತಿಯನ್ನು ಕೇಳಲೇ ಇಲ್ಲ. ಸೋಮವಾರ ಅಳಿಸಿಬಿಡು ಅಂತ ತೇಜಕುಮಾರನಿಗೇ ಹೇಳಿದರು.

ಆ ಸೋಮವಾರ ಇಂದುಮತಿ ಮೈಸೂರಿನಲ್ಲಿದ್ದಳು. ಸಾವಿರಾರು ಡಿವಿಡಿ ಅಚ್ಚು ಹಾಕುವ ಪ್ರೆಸ್ಸಿಗೆ ಹೋಗುವ ಮುಂಚೆ ಮೇಷ್ಟ್ರಿಗೆ ಒಮ್ಮೆ ತೋರಿಸಬೇಕಲ್ಲ. ಮೇಷ್ಟ್ರಿಗೆ ಎಂಬತ್ತರ ಮೇಲಾಗಿತ್ತು. ಕಣ್ಣು ಮಂಜು. ಬಣ್ಣ ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ. ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಡಿವಿಡಿ ಶುರುವಾದದ್ದೇ ಅವರ ಮುಖ ಅರಳಿತು. ಅಬ್ಬಾ, ಈ ಹಳದಿ ನೋಡು, ನಾನೇ ಕಲಸಿದ ಹಳದಿ ಇದು ಅಂತ ಅವರು ಹಿಗ್ಗಿದಂತೆಲ್ಲ ಇಂದುಮತಿಗೂ ಹಿಗ್ಗು. ಇಷ್ಟು ದಿನ ಪಟ್ಟ ಪಾಡು ಸಾರ್ಥಕವಾಯಿತು ಅಂದುಕೊಂಡಳು.

ಆಗ ಸಂತೆಯ ದೃಶ್ಯ ಬಂತು. ದೂರದಿಂದ ತೋರಿಸಿದ ಸಂತೆ. ಬುಟ್ಟಿ, ಕೊಡೆ, ಎತ್ತು, ನೂರಾರು ಜನ. ಹಿನ್ನೆಲೆಯಲ್ಲಿ ಚಟ್, ಚಟ್, ಚಟ್ ಅಂತ ಸದ್ದು. ಮೇಷ್ಟ್ರ ಬೆರಳು ಕುರ್ಚಿಯ ತೋಳಿನ ಮೇಲೆ ಸದ್ದಿಗೆ ಸರಿಯಾಗಿ ಕುಣಿಯಿತು.

“ನನಗಂತೂ ಕಾಣಲ್ಲ. ಎಲ್ಲಿದ್ದಾನೆ ಅಂತ ಬೆರಳಿಟ್ಟು ತೋರಿಸಮ್ಮ,” ಅಂದರು.

ಇಂದುಮತಿ ನೋಡಿದಳು. ಸಂತೆ ಇತ್ತು, ಜನ ಇದ್ದರು. ಸಿಂಗಣ್ಣ ಎಲ್ಲೂ ಇರಲಿಲ್ಲ. ಇಲ್ಲಿ ಅವನು ಬರುತ್ತಾನೆಯೇ ಅಂತ ಕೇಳಿದಳು. ಮೇಷ್ಟ್ರು ನಕ್ಕು ಹೇಳಿದರು. ದೂರದ ದೃಶ್ಯ ಬಂದಾಗಲೆಲ್ಲ ಸಿಂಗಣ್ಣ ಬರೀ ಒಂದು ಕಪ್ಪು ಚುಕ್ಕೆ. ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ನೆಗೆಯುತ್ತಿರುತ್ತಾನೆ. ಚಟ್ ಅಂದ ಕೂಡಲೇ ಹುಡುಕಿ ಬೆರಳಿಡುವುದೇ ಮಕ್ಕಳ ಆಟ. ಗಾಜೆಲ್ಲ ಕೊಳೆ ಮಾಡುತ್ತಾರೆ ಅಂತ ಎಷ್ಟು ತಾಯಂದಿರು ನನಗೆ ಕಾಗದ ಬರೆದು ಬೈದಿದ್ದರು ಗೊತ್ತೇ ಅಂದರು.

ಪಕ್ಕದ ಮನೆಯ ಮಕ್ಕಳು ಓಡಿದ್ದು ಯಾಕೆ ಅಂತ ಮೂವತ್ತು ವರ್ಷದ ಮೇಲೆ ಇವತ್ತು ಇಂದುಮತಿಗೆ ತಿಳಿಯಿತು. ಕಿಟಕಿಯಷ್ಟು ದೂರಕ್ಕೆ ಆ ಚುಕ್ಕೆ ಕಾಣಿಸಿರಲಿಲ್ಲ, ಅಷ್ಟೇ. ಅದಕ್ಕೇ ಯಂತ್ರ ಅದನ್ನು ಒರೆಸಿದಾಗಲೂ ಏನೋ ಕಡಿಮೆಯಾಗಿದೆ ಅಂತ ಅವಳಿಗೆ ಅನ್ನಿಸಲಿಲ್ಲ. ಸಿಂಗಣ್ಣನನ್ನು ಚೊಕ್ಕಟ ಮಾಡುತ್ತೇನೆ ಅಂತ ಹೊರಟು ಸಿಂಗಣ್ಣನನ್ನೇ ಒರೆಸಿ ಹಾಕಿದ್ದಳು, ಒಂದೆರಡು ಕಡೆ ಅಲ್ಲ, ಹದಿಮೂರು ಕಂತಿನಲ್ಲೂ.

ಈಗ ನೀವೇ ಯೋಚಿಸಿ ಮಕ್ಕಳೇ. ಮೇಷ್ಟ್ರಿಗೆ ಕಾಣುವುದಿಲ್ಲ. ಗಾಜಿನ ಮೇಲೆ ಎಲ್ಲಾದರೂ ಬೆರಳಿಟ್ಟು, ಇಗೋ ಇಲ್ಲಿದ್ದಾನೆ ಅಂದಿದ್ದರೆ ಮುಗಿದೇಹೋಯಿತು. ಮುದುಕರಿಗೆ ಸಂತೋಷ, ಲೋಕಪ್ಪನವರಿಗೆ ಸಂತೋಷ, ಇವಳ ಮರ್ಯಾದೆಯೂ ಉಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಅವಳ ಬೆರಳು ಗಾಜಿನ ತನಕ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು.

“ಅವನಿಲ್ಲ ಮೇಷ್ಟ್ರೇ. ಧೂಳು ಅಂದುಕೊಂಡು ನಾನೇ ಅಳಿಸಿಬಿಟ್ಟಿದ್ದೀನಿ,” ಅಂದಳು. ಅಳು ತಡೆಯಲಾಗಲಿಲ್ಲ.

ಮೇಷ್ಟ್ರು ಟೀವಿ ಆರಿಸಿದರು. ಬೈಯಲಿಲ್ಲ. ಅದೇ ಕಷ್ಟವಾಯಿತು ಅವಳಿಗೆ. ಒರೆಸಿದ ಮೇಲೆ ಆ ಧೂಳನ್ನು ಎಲ್ಲಿ ಹಾಕಿದೆ ಅಂತ ಕೇಳಿದರು. ತಿಪ್ಪೆಯ ನೆನಪಾದದ್ದೇ ಇಂದುಮತಿ ಫೋನಿಗೆ ಓಡಿದಳು.

ಆ ಕಡೆ ತೇಜಕುಮಾರ ಆಕಳಿಸುತ್ತ ಮಾತಾಡಿದ. ಹೌದಕ್ಕ, ಸಾಹೇಬರು ನಿಮ್ಮ ತಿಪ್ಪೆ ಅಳಿಸು ಅಂದಿದ್ದಾರೆ, ಬೆಳಿಗ್ಗೆಯೇ ಅಳಿಸಬೇಕಿತ್ತು, ಇವತ್ತು ಕ್ಯಾಂಟೀನಿನಲ್ಲಿ ಬಿಸಿಬೇಳೆ ಬಾತು ಅಂತ ಗೊತ್ತಾಯಿತು, ತಿಂದು ಬಂದು ಅಳಿಸೋಣ ಅಂತಿದ್ದೆ ಅಂದ. ಕೈ ಹಚ್ಚಬೇಡ, ಕಂಪ್ಯೂಟರಿನ ಮುಂದಿನಿಂದ ಏಳು, ದಮ್ಮಯ್ಯ ಅಂದಳು ಇಂದುಮತಿ. ಸಿಂಗಣ್ಣನನ್ನು ಅವತ್ತು ಉಳಿಸಿದ್ದು ಒಂದು ತಟ್ಟೆ ಬಿಸಿಬೇಳೆ ಬಾತು. ಅದರಲ್ಲೂ ಸಾಸಿವೆ ಒಗ್ಗರಣೆ ಇದ್ದೇ ಇತ್ತು ಅನ್ನಿ.

ಸಂಜೆ ಅವಳು ಬೆಂಗಳೂರಿಗೆ ಮರಳಿ ವಿಷಯ ಹೇಳಿದಾಗ ಲೋಕಪ್ಪನವರು ಮಾತ್ರ ಕೆಂಡಾಮಂಡಲವಾದರು. ನಾಳೆ ಪ್ರೆಸ್ಸಿಗೆ ಹೋಗಬೇಕು, ಒಂದು ಚುಕ್ಕೆಗೋಸ್ಕರ ಮಕ್ಕಳ ದಿನ ಬಿಡೋಕಾಗುತ್ತೇನ್ರೀ, ಅಷ್ಟು ಸಣ್ಣದನ್ನು ಯಾರು ಹುಡುಕುತ್ತಾರೆ ಅಂತ ಕೂಗಾಡಿದರು. ತಪ್ಪು ತನ್ನದೇ ಅಂತ ಇಂದುಮತಿ ಮೊದಲೇ ಒಪ್ಪಿಕೊಂಡಳು. ಆಮೇಲೆ ಆ ಸಂತೆಯ ದೃಶ್ಯ ಹಾಕಿದಳು. ಚಟ್, ಚಟ್ ಸದ್ದು ಬಂತು. ಲೋಕಪ್ಪನವರ ತೋರುಬೆರಳು ತನ್ನಷ್ಟಕ್ಕೆ ತಾನೇ ಎದ್ದು ಪರದೆಯ ಕಡೆ ಹೋಯಿತು. ಅಲ್ಲಿ ಏನೂ ಇಲ್ಲದೆ ಗಾಳಿಯಲ್ಲೇ ನಿಂತಿತು. ದಾವಣಗೆರೆಯಲ್ಲಿ ಗಾಜು ಕೊಳೆ ಮಾಡಿದ್ದಕ್ಕೆ ಪ್ರತಿ ಭಾನುವಾರ ಕಿವಿ ಹಿಂಡಿಸಿಕೊಂಡ ಹುಡುಗ ಇವರೇ ಅಂತ ಇಂದುಮತಿಗೆ ಹೇಗೆ ಗೊತ್ತಿರಬೇಕು?

ಅವರು ಕುರ್ಚಿಗೆ ಒರಗಿದರು. ಎಷ್ಟು ದಿನ ಬೇಕು ಅಂತ ಕೇಳಿದರು. ಒಂಬತ್ತು ದಿನ ಕೊಡಿ ಸಾರ್ ಅಂದಳು. ಪ್ರೆಸ್ಸಿನವರ ಕೈಕಾಲು ನಾನು ಹಿಡಿಯುತ್ತೇನೆ, ಹೋಗಿ ಅವನನ್ನು ಹುಡುಕಿ ತನ್ನಿ ಅಂದುಬಿಟ್ಟರು.

ಮೇಷ್ಟ್ರು ಬೆಂಗಳೂರಿಗೇ ಬಂದರು. ತಿಪ್ಪೆ ತೆರೆದರೆ ಲಕ್ಷಾಂತರ ಚುಕ್ಕೆ. ಅದರಲ್ಲಿ ಧೂಳು ಯಾವುದು, ಸಿಂಗಣ್ಣ ಯಾವುದು? ಮೇಷ್ಟ್ರು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಚಟ್ ಅಂದಾಗ ಮೇಜಿನ ಮೇಲೆ ಬೆರಳು ಕುಟ್ಟುತ್ತಿದ್ದರು. ಈಗ ಬಾವಿಕಟ್ಟೆ, ಈಗ ಎತ್ತಿನ ಕೊಂಬು, ಈಗ ಮುದುಕಿಯ ಕುಂಕುಮದ ಪಕ್ಕ ಅಂತ ಒಂದೊಂದು ನೆಗೆತವನ್ನೂ ಹೇಳುತ್ತಿದ್ದರು. ಮೂವತ್ತು ವರ್ಷವಾದರೂ ಒಂದೂ ಮರೆತಿರಲಿಲ್ಲ. ಇಂದುಮತಿ ಆ ಜಾಗದ ಚುಕ್ಕೆ ತಿಪ್ಪೆಯಲ್ಲಿದೆಯೇ ಅಂತ ಹುಡುಕುವಳು. ಇರುತ್ತಿತ್ತು. ಸಿಕ್ಕಿದ ಅಂದ ಕೂಡಲೇ ತೇಜಕುಮಾರ ಅದನ್ನು ಚಿತ್ರಕ್ಕೆ ಕೂರಿಸುವನು. ನಡುನಡುವೆ ಇಂದುಮತಿ ತಾನು ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಕಥೆಯನ್ನೂ ಮೇಷ್ಟ್ರಿಗೆ ಹೇಳಿದಳು. ಎರಡನೆಯ ದಿನಕ್ಕೆ ಅವನು ‘ಇಂದಕ್ಕನ ತಿಪ್ಪೆ’ ಅಂತಿದ್ದ ಹೆಸರು ಅಳಿಸಿ ‘ಇಂದಕ್ಕನ ಮೊರ’ ಅಂತ ಬರೆದ. ಯಾರೂ ಹೇಳಿರಲಿಲ್ಲ.

ಹನ್ನೊಂದನೆಯ ಕಂತಿನಲ್ಲಿ ಒಂದೇ ಒಂದು ನೆಗೆತ ಸಿಗಲಿಲ್ಲ. ಅಲ್ಲಿ ಫಿಲ್ಮೇ ಕೊಳೆತಿತ್ತು. ಮೇಷ್ಟ್ರು ಕಾಗದ, ಶಾಯಿ ಕೇಳಿ ತಾವೇ ಒಂದು ಚುಕ್ಕೆ ಇಟ್ಟರು. ಕೈ ನಡುಗಿ ಚುಕ್ಕೆ ತುಸು ದಪ್ಪಗಾಯಿತು. ಇರಲಿ, ಸಿಂಗಣ್ಣನಿಗೂ ವಯಸ್ಸಾಯಿತಲ್ಲ ಅಂದರು. ಅದನ್ನೇ ಸೇರಿಸಿದರು.

ಮಕ್ಕಳ ದಿನ ಬಂತು. ಮೈಸೂರಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ದೊಡ್ಡದೊಂದು ಟೀವಿ. ಸಿಂಗಣ್ಣ ಬಾಣಲೆಯಿಂದ ಸಿಡಿದ, ಸಂತೆ ಬಂತು, ಚಟ್ ಅಂದಿತು. ಮಕ್ಕಳಿಗೆ ಏನೂ ತಿಳಿಯಲಿಲ್ಲ. ಮೊದಲು ಎದ್ದವರು ಲೋಕಪ್ಪನವರು. ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಗಾಜಿಗೆ ಬೆರಳಿಟ್ಟರು. ಅವರ ಹಿಂದೆ ಒಬ್ಬರು ಬ್ಯಾಂಕ್ ಮ್ಯಾನೇಜರು, ಒಬ್ಬರು ಡಾಕ್ಟರಮ್ಮ, ತಲೆ ನರೆತವರು, ಬೊಕ್ಕತಲೆಯವರು. ಆಮೇಲೆ ಕೇಳಬೇಡಿ, ಇಡೀ ಸಭೆಯ ಮಕ್ಕಳು ನುಗ್ಗಿದವು. ಅಗೋ ಅಲ್ಲಿ, ಇಗೋ ಇಲ್ಲಿ ಅಂತ ಛಾವಣಿ ಹಾರಿಹೋಗುವಂಥ ಗದ್ದಲ. ಮೇಷ್ಟ್ರಿಗೆ ಚುಕ್ಕೆ ಕಾಣುತ್ತಿರಲಿಲ್ಲ. ಆ ಗದ್ದಲ ಕೇಳಿಯೇ ಅವರ ಕೆನ್ನೆ ಒದ್ದೆಯಾಯಿತು.

ಇಂದುಮತಿ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ನಿಂತಿದ್ದಳು. ಅವಳೆಲ್ಲಿ ಅಂತ ಮೇಷ್ಟ್ರು ತೇಜಕುಮಾರನನ್ನು ಕೇಳಿದರು. ಆಮೇಲೆ ಮೈಕು ಇಸಿದುಕೊಂಡರು.

“ಇಂದುಮತಿ, ಕಿಟಕಿಯಲ್ಲಿ ನಿಂತದ್ದು ಸಾಕು, ಒಳಗೆ ಬಾರಮ್ಮ.”

ಜನ ದಾರಿ ಬಿಟ್ಟರು. ಅವಳು ಹೋದಳು. ಚಟ್ ಅಂದಿತು. ಬಾವಿಕಟ್ಟೆಯ ಮೇಲೆ ಆ ಪುಟ್ಟ ಕಪ್ಪು ಚುಕ್ಕೆ ಕಂಡಿತು. ಇಂದುಮತಿ ಅದರ ಮೇಲೆ ಬೆರಳಿಟ್ಟಳು.

ಎಲ್ಲ ಮುಗಿದ ಮೇಲೆ ಗಾಜಿನ ತುಂಬ ಬೆರಳಿನ ಗುರುತು. ತೇಜಕುಮಾರ ಬಟ್ಟೆ ಹಿಡಿದುಕೊಂಡು ಒರೆಸಲು ಬಂದ. ಚುಕ್ಕೆ ಕಂಡರೆ ಆಗದ ಇಂದುಮತಿ ಅವನ ಕೈ ಹಿಡಿದಳು. ಇರಲಿ ಬಿಡೋ, ಯಾವುದು ಯಾರದ್ದು ಅಂತ ಮೊದಲು ನೋಡೋಣ ಅಂದಳು.

ನೀತಿ: ಕಸ ತೆಗೆಯುವುದು ಒಳ್ಳೆಯದೇ. ಆದರೆ ಎಸೆಯುವ ಮುಂಚೆ ಅದನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಬಲ್ಲವರನ್ನು ಕೇಳಿ. ಕೈತಪ್ಪಿ ಒಳ್ಳೆಯದೂ ಹೋಗಿದ್ದರೆ, ಹೋಯಿತು ಅಂತ ಬಾಯಿಬಿಟ್ಟು ಒಪ್ಪಿಕೊಳ್ಳಿ. ಒಪ್ಪಿಕೊಂಡವರಿಗೆ ಮಾತ್ರ ಕಳೆದದ್ದನ್ನು ಹುಡುಕುವ ದಾರಿ ಸಿಗುತ್ತದೆ.