ಒಂದು ಮರ, ಮೂರು ನೂಲು

ಕೂಸಮ್ಮ ಕೇಳಿದಳು: "ಗುರುಗಳೇ, ದೇಶದೇಶಗಳವರು ಒಂದು ಕಡೆ ಕೂತು, ಹವೆ ಕೆಡಬಾರದು ಅಂತ ಕರಾರು ಬರೆದುಕೊಂಡಿದ್ದಾರಂತೆ. ಹೊಗೆ ಬಿಡುವವನು ಬಿಡಬಹುದಂತೆ. ಇನ್ನೆಲ್ಲೋ ಮರ ಉಳಿಸಿದವನಿಂದ ಆ ಪುಣ್ಯವನ್ನು ಕೊಂಡುಕೊಂಡರೆ ಸಾಕಂತೆ. ಇಂಗಾಲದ ಮಾರುಕಟ್ಟೆ ಅಂತ ಪೇಪರಿನಲ್ಲಿ ಬಂದಿದೆ. ಹಾಗೆ ಕೊಂಡರೆ ಬಿಟ್ಟ ಹೊಗೆ ಇಲ್ಲವಾಗುತ್ತದೆಯೇ?"

ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸಿಪ್ಪೆ ಆ ಪೇಪರಿನ ಮೇಲೆಯೇ ಬೀಳುತ್ತಿತ್ತು. ಅಂಗಳದಾಚೆ ಕೂಸಮ್ಮನ ತಂದೆ ಭರಮಪ್ಪ ಗಿಡಗಳಿಗೆ ನೀರು ಹಾಕುತ್ತಿದ್ದ. ಅವನು ಮಗಳನ್ನು ಹೆಗಲ ಮೇಲೆ ಹೊತ್ತು ಈ ಮಠಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು.

"ಪೇಪರು ಓದುವವರಿಗೆ ಕೈ ಇರುವುದಿಲ್ಲವೇ? ನೀನೂ ಸುಲಿ" ಎಂದರು ಗುರುಗಳು. ಅವಳು ಎದುರಿಗೆ ಕೂತಳು. ಅವರು ಹೇಳತೊಡಗಿದರು.

ಒಂದು ಬೆಟ್ಟ. ಅದರ ಸುತ್ತ ಮೂರು ಸೀಮೆ. ಒಂದು ಸೀಮೆಯವರು ಸುಣ್ಣ ಸುಡುವವರು, ಇನ್ನೊಂದರವರು ಇಟ್ಟಿಗೆ ಸುಡುವವರು, ಮೂರನೆಯವರು ಕಬ್ಬಿಣ ಕರಗಿಸುವವರು. ಬೆಟ್ಟದ ನೆತ್ತಿಯ ಮೇಲೆ ಕಾಡು. ದಿನಾ ಬೆಳಗ್ಗೆ ಮಂಜು ಬಂದು ಆ ಮರಗಳ ಮೇಲೆ ಕೂರುತ್ತಿತ್ತು. ಎಲೆಗಳಿಂದ ತೊಟ್ಟಿಕ್ಕಿ, ನೆಲದೊಳಗೆ ಇಳಿದು, ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತಿತ್ತು. ಮೂರು ಸೀಮೆಗೂ ಅದೇ ನೀರು. ಬೆಳಗಿನ ಹೊತ್ತು ಅಲ್ಲಿಯ ಜನ ಪಿಸುಮಾತಿನಲ್ಲೇ ಮಾತಾಡುತ್ತಿದ್ದರಂತೆ. ಜೋರಾಗಿ ಮಾತಾಡಿದರೆ ಮಂಜಿಗೆ ಎಚ್ಚರವಾಗಿ ಎದ್ದು ಹೋದೀತು ಎಂದು ಅವರಿಗೆ ಹೆದರಿಕೆ.

ಸುಡುವ, ಕರಗಿಸುವ ಗೂಡುಗಳು ಹೆಚ್ಚಿದವು. ಸೌದೆಗೆ ಬೆಟ್ಟದ ಮರ ಕಡಿದರು. ಹೊಗೆ ಹೆಚ್ಚಿತು, ಮಂಜು ಕಡಿಮೆಯಾಯಿತು. ಹೊಗೆಗೆ ಗಡಿ ಉಂಟೇನು ತಾಯಿ? ಇವರದು ಅವರ ತಲೆಯ ಮೇಲೆ, ಅವರದು ಇವರ ತಲೆಯ ಮೇಲೆ. ಆದರೆ ಕಾನೂನಿಗೆ ಗಡಿ ಉಂಟಲ್ಲ! ಸುಣ್ಣದವನನ್ನು ಇಟ್ಟಿಗೆಯವರ ಚಾವಡಿಗೆ ಕರೆಸಿ ಕೇಳುವ ಹಾಗಿಲ್ಲ. ಕೊನೆಗೆ ಮೂರು ಸೀಮೆಯ ಹಿರಿಯರೂ ಬಂದು ಬೆಟ್ಟದ ಬುಡದಲ್ಲಿ ಸಭೆ ಕೂತರು.

ಗೂಡು ಆರಿಸಿದರೆ ಅನ್ನವಿಲ್ಲ, ಆರಿಸದಿದ್ದರೆ ನೀರಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆಂದು ಒಂದು ಕರಾರು ಮಾಡಿದರು. ಒಂದು ಗೂಡು ಹೊತ್ತಿಸುವವನು ಬೆಟ್ಟದ ಮೇಲೆ ಒಂದು ಮರ ಉಳಿಸಬೇಕು. ಆ ಮರಕ್ಕೆ ತನ್ನ ಸೀಮೆಯ ನೂಲು ಕಟ್ಟಬೇಕು. ಅದನ್ನು ಕಾಯುವುದಕ್ಕೆ ಬೆಟ್ಟದ ಕಾವಲಿನವನಿಗೆ ವರ್ಷಕ್ಕೊಂದು ಮೊರ ರಾಗಿ ಕೊಡಬೇಕು. ನೂಲಿರುವ ಮರವನ್ನು ಯಾರೂ ಕಡಿಯುವಂತಿಲ್ಲ. ಸುಣ್ಣದವರದು ಬಿಳಿ ನೂಲು, ಇಟ್ಟಿಗೆಯವರದು ಕೆಂಪು, ಕಬ್ಬಿಣದವರದು ಹಳದಿ. ಕರಾರು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಮತ್ತೆ ಯಾರ ಹತ್ತಿರವಾದರೂ ಹಾಗೆ ಹೇಳಿಬಿಟ್ಟೀಯ! ಮುಖ ಕೊಟ್ಟು ಮಾತಾಡದವರು ಒಂದೇ ಚಾಪೆಯ ಮೇಲೆ ಕೂತರಲ್ಲ, ಅದೇನು ಸಣ್ಣ ಮಾತೇ?

ಆದರೆ ಆ ಕಡೆ ಒಂದು ಪದ್ಧತಿ. ಮರಕ್ಕೆ ನೂಲು ಕಟ್ಟಿದರೆ ಅದು ಹರಕೆ. ಇನ್ನೊಬ್ಬರ ಹರಕೆಯನ್ನು ಮುಟ್ಟಬಾರದು, ನೋಡಲೂಬಾರದು. ಆದ್ದರಿಂದ ನೂಲು ಕಟ್ಟಲು ಹೋದವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಾವಲಿನವನು ಕೈ ಹಿಡಿದು ಮರದ ಹತ್ತಿರ ಕರೆದೊಯ್ಯುತ್ತಿದ್ದ. ಇವನು ಕಟ್ಟುತ್ತಿದ್ದ, ಕಣ್ಣು ಮುಚ್ಚಿಕೊಂಡೇ ತಿರುಗುತ್ತಿದ್ದ, ತನ್ನ ಊರಿನ ಚಾವಡಿಗೆ ಬಂದು "ಕಟ್ಟಿದೆ" ಎನ್ನುತ್ತಿದ್ದ. ಚಾವಡಿಯವರು ಸರಿ ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು.

ಸುಣ್ಣದ ಸೀಮೆಯಲ್ಲಿ ಒಬ್ಬನಿದ್ದ. ಒಳ್ಳೆಯವನು. ಅವನೂ ನೂಲು ಕಟ್ಟಿ ಬಂದು ನೆಮ್ಮದಿಯಿಂದ ಗೂಡು ಹೊತ್ತಿಸಿದ್ದ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವನಿಗೊಂದು ಹೆಣ್ಣು ಕೂಸು ಹುಟ್ಟಿತು. ಹೆತ್ತ ಮೂರನೆಯ ದಿನ ಹೆಂಡತಿ ಹೋಗಿಬಿಟ್ಟಳು. ಹೋಗುವಾಗ ಕೂಸಿಗೆ ಇಡಬೇಕಾದ ಹೆಸರನ್ನು ಗಂಡನ ಕಿವಿಯಲ್ಲಿ ಹೇಳಿ ಹೋದಳು. ಪಾಪ, ಅವಳಿಗೆ ಹೇಳಲು ಉಸಿರಿದ್ದದ್ದು ಅಷ್ಟಕ್ಕೇ.

ಆ ಮೂರು ಸೀಮೆಯಲ್ಲೂ ಹೆಸರಿಡುವ ದಿನ ಬೆಟ್ಟದ ಒರತೆಯಲ್ಲಿ ಒಂದು ಕೊಡ ತುಂಬಬೇಕು. ಆ ನೀರಿನಲ್ಲಿ ಕೂಸಿಗೆ ಸ್ನಾನ ಮಾಡಿಸಿ ಹೆಸರು ಹೇಳಬೇಕು. ಕೊಡ ತುಂಬುವ ತನಕ ಹೆಸರು ಅಪ್ಪನ ಬಾಯಿಂದ ಹೊರಗೆ ಬರಬಾರದು. ಅವನು ಕೂಸನ್ನು ಹೆಗಲಿಗೆ ಹಾಕಿಕೊಂಡು ಕೊಡ ಹಿಡಿದು ಹೋದ. ಒರತೆಯ ಬಾಯಿಗೆ ಕೊಡ ಇಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದ. ಕೊಡದ ತಳ ಮಾತ್ರ ಒದ್ದೆಯಾಗಿತ್ತು.

ತಲೆಯೆತ್ತಿ ನೋಡಿದ. ಬೆಟ್ಟದ ನೆತ್ತಿಯ ಮೇಲೆ ಬೆಳ್ಳಗೆ ಮಂಜು ಕೂತಿತ್ತು. ಮಂಜಿದ್ದೂ ನೀರಿಲ್ಲವೇಕೆ ಎಂದುಕೊಂಡು ಬೆಟ್ಟ ಹತ್ತಿದ. ದಾರಿಯುದ್ದಕ್ಕೂ ಕಡಿದ ಮರಗಳ ಬೊಡ್ಡೆ. ಸದ್ದಿಲ್ಲ, ಹಕ್ಕಿಯಿಲ್ಲ. ನೆತ್ತಿಯ ಮೇಲಿನ ಮಂಜು ಮೆಲ್ಲಗೆ ಅಲ್ಲಾಡುತ್ತಿತ್ತು, ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹೆಗಲ ಮೇಲಿನ ಕೂಸು ಅದನ್ನು ನೋಡಿ ನಕ್ಕಿತು. ಅವನು ಹತ್ತಿರ ಹೋಗಿ ಕೈ ಹಾಕಿದ. ಕೈ ಒದ್ದೆಯಾಗಲಿಲ್ಲ. ಅದು ಮಂಜಲ್ಲ, ನೂಲು. ಬಿಸಿಲಿಗೆ ಬಣ್ಣ ಬಿಟ್ಟು ಎಲ್ಲವೂ ಬೆಳ್ಳಗಾಗಿ ಕೊಂಬೆಕೊಂಬೆಯಿಂದ ಇಳಿಬಿದ್ದಿದ್ದವು.

ಅವತ್ತು ಅವನು ಪದ್ಧತಿ ಮುರಿದ. ಕಣ್ಣು ಬಿಟ್ಟು ನೋಡಿದ, ಗಂಟುಗಳನ್ನು ಸಡಿಲಿಸಿ ನೋಡಿದ. ಗಂಟಿನ ಒಳಗೆ ಮಾತ್ರ ಬಣ್ಣ ಉಳಿದಿತ್ತು. ಒಂದೊಂದು ಮರದಲ್ಲೂ ಬಿಳಿ, ಕೆಂಪು, ಹಳದಿ. ಮೂರು ಸೀಮೆಯ ಮುನ್ನೂರು ಗೂಡಿಗೆ ಮುನ್ನೂರು ಮರ ನಿಂತಿರಬೇಕಿತ್ತು. ನಿಂತದ್ದು ನೂರು. ಮಿಕ್ಕವಕ್ಕೆ ನೂಲೇ ಇರಲಿಲ್ಲ, ಆದ್ದರಿಂದ ಅವುಗಳನ್ನು ಕಡಿಯಬಹುದಾಗಿತ್ತು, ಕಡಿದಿದ್ದರು.

ಅವನು ಕಾವಲಿನವನನ್ನು ಹಿಡಿದುಕೊಂಡ. "ಅಯ್ಯೋ ಪಾಪಿ, ಒಂದೇ ಹೆಣ್ಣನ್ನು ಮೂರು ಮನೆಗೆ ನಿಶ್ಚಯ ಮಾಡಿದ ಹಾಗಾಯಿತಲ್ಲೋ! ಈ ಮರ ಯಾರದು?"

ಕಾವಲಿನವನು ನೆಲ ನೋಡಿದ. "ಅಣ್ಣಾ, ಬಂದವರೆಲ್ಲ ಕಣ್ಣು ಮುಚ್ಚಿಕೊಂಡೇ ಬಂದರು. ಮೂರು ಮೊರ ರಾಗಿ ಬಂತು, ನನ್ನ ಮಕ್ಕಳು ಉಂಡವು. ನಿನ್ನ ಹಾಗೆ ಒಬ್ಬನಾದರೂ ಕಣ್ಣು ಬಿಟ್ಟಿದ್ದರೆ ನಾನೂ ಬಾಯಿ ಬಿಡುತ್ತಿದ್ದೆ."

ಸುಣ್ಣದವನು ಅಲ್ಲೇ ಕೂತು ಅತ್ತ. ತಾನು ಸುಟ್ಟ ಒಂದೊಂದು ಗೂಡೂ ಅವನಿಗೆ ನೆನಪಾಯಿತು. ಆಮೇಲೆ ಎದ್ದು, ಕಾವಲಿನವನು ತೋರಿಸಿದ ಮರದಿಂದ ತನ್ನ ನೂಲನ್ನು ಬಿಚ್ಚಿಕೊಂಡ. ಮನೆಗೆ ಹೋಗಿ ಗೂಡು ಆರಿಸಿದ. ಒಂದು ಗೂಡು ಆರಿದ ಮಾತ್ರಕ್ಕೆ ಮಂಜು ಬರಲಿಲ್ಲ. ಕೂಸನ್ನೂ ಬರಿಗೊಡವನ್ನೂ ಎತ್ತಿಕೊಂಡು ಹಿರಿಯರ ಮುಂದೆ ಹೋಗಿ ನಿಂತ. ಕಂಡದ್ದನ್ನು ಹೇಳಿದ. ಒಂದು ಮರಕ್ಕೆ ಒಂದೇ ನೂಲು ಇರಲಿ, ಎಲ್ಲರೂ ಒಟ್ಟಿಗೆ ಹೋಗಿ ಕಣ್ಣು ಬಿಟ್ಟು ಎಣಿಸೋಣ ಎಂದು ಕೈಮುಗಿದ.

ಸಭೆ ಮತ್ತೆ ಕೂತಿತು. ಸುಳ್ಳು ಎಂದು ಯಾರೂ ಅನ್ನಲಿಲ್ಲ. ಆದರೆ ಒಂದೇ ನೂಲೆಂದರೆ ಯಾರ ನೂಲು? ಬಿಳಿಯದು ಮೊದಲು ಕಟ್ಟಿದ್ದು ಎಂದರು ಇವರು. ಕೆಂಪು ಗಟ್ಟಿಯಾದದ್ದು ಎಂದರು ಅವರು. ಎಣಿಸುವುದು ಯಾವ ಚಾವಡಿಯ ಕಾನೂನಿನಂತೆ ಎಂದರು ಮೂರನೆಯವರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಸುಣ್ಣದವನು ಒಂದು ತಿಂಗಳು ಸಭೆಯ ಅಂಚಿನಲ್ಲಿ ನಿಂತ. ಕೂಸಿಗೆ ಕುಡಿಸಲೂ ನೀರಿಲ್ಲವಾಯಿತು. ಕೊನೆಗೆ ಆ ಬಿಳಿ ನೂಲನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು, ನೀರಿರುವ ನಾಡಿಗೆ ಹೊರಟುಹೋದ.

ಗುರುಗಳು ನಿಲ್ಲಿಸಿದರು. ಕೂಸಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೆಯೇ ಉಳಿದಿತ್ತು. ಅಂಗಳದಾಚೆ ಭರಮಪ್ಪ ಬಗ್ಗಿ ಒಂದು ಸಸಿಯ ಬುಡಕ್ಕೆ ನೀರು ಹಾಕುತ್ತಿದ್ದ. ಅವನ ಮಣಿಕಟ್ಟಿನಲ್ಲಿ, ಅವಳು ಬುದ್ಧಿ ಬಂದಾಗಿನಿಂದ ನೋಡಿದ್ದ, ಎಂದೂ ಏನೆಂದು ಕೇಳದಿದ್ದ ಹಳೆಯ ಬಿಳಿ ನೂಲಿತ್ತು.

ಅವಳು ಕೇಳಿದಳು: "ಗುರುಗಳೇ, ಆ ಕೂಸಿಗೆ ಏನು ಹೆಸರಿಟ್ಟರು?"

"ಸಭೆ ಇನ್ನೂ ಎದ್ದಿಲ್ಲ, ಕೊಡ ಇನ್ನೂ ತುಂಬಿಲ್ಲ, ನಿನ್ನ ಹೆಸರು ಇನ್ನೂ ನಿಮ್ಮಪ್ಪನ ಬಾಯೊಳಗೇ ಇದೆ, ಕೂಸಮ್ಮ" ಎಂದರು ಗುರುಗಳು.