ಹೆಸರು ಪಡೆದ ಅಡುಗೆಯವಳು

"ಗುರುಗಳೇ, ನಮ್ಮ ಅಕ್ಕ ನಾಳೆ ಒಂದು ದೊಡ್ಡ ಹೋಟೆಲಿನವರ ಫ್ರಾಂಚೈಸಿಗೆ, ಅಂದರೆ ಅವರ ಹೆಸರಲ್ಲಿ ಹೋಟೆಲು ನಡೆಸುವ ಕರಾರಿಗೆ, ಸಹಿ ಹಾಕುತ್ತಾಳೆ. ಕರಾರಿನ ಪ್ರತಿ ಕಲಮನ್ನೂ ಓದಿದ್ದೇನೆ. ಇನ್ನೇನು ನೋಡಬೇಕು?" ಎಂದು ಬಸವಂತ ಕೇಳಿದ. ಅವನು ಅಂದಾನೆಪ್ಪ ವಕೀಲರ ಬಳಿ ಕಾನೂನು ಕಲಿಯುತ್ತಿದ್ದ.

"ಪ್ರತಿ ಕಲಮನ್ನೂ ಓದಿದೆಯಾ? ಹಾಗಾದರೆ ನಿನಗೆ ಕತೆಯೇ ಗತಿ" ಎಂದು ವಕೀಲರು ನಕ್ಕು ಹೇಳತೊಡಗಿದರು.

ಒಬ್ಬ ವ್ಯಾಪಾರಿಯ ಊಟ ನಾಲ್ಕು ಜಿಲ್ಲೆಗೆ ಹೆಸರಾಗಿತ್ತು. ಆ ಹೆಸರು ಬೇಕೆಂದು ಮೂವರು ಬಂದರು. ಮೊದಲನೆಯವನು ಅಂಗಡಿಯವನು. ಅವನಿಗೆ ವ್ಯಾಪಾರಿ ತನ್ನ ಚಟ್ನಿಪುಡಿಯ ಪೊಟ್ಟಣಗಳನ್ನು ಮಾರಲು ಕೊಟ್ಟ. ಎರಡನೆಯವನಿಗೆ ಗಿರಣಿ ಇತ್ತು. ಅವನಿಗೆ ಪುಡಿಯ ಅಳತೆ ಹೇಳಿಕೊಟ್ಟು, ನೀನೇ ಮಾಡಿ ನನ್ನ ಹೆಸರಲ್ಲಿ ಮಾರು ಎಂದ. ಮೂರನೆಯವಳು ಅಡುಗೆಯವಳು. ಅವಳಿಗೆ ಎಲ್ಲವನ್ನೂ ಕೊಟ್ಟ. ಹೆಸರು, ಬೋರ್ಡು, ಬಡಿಸುವವರ ಅಂಗಿಯ ಬಣ್ಣ, ಒಗ್ಗರಣೆಗೆ ಎಷ್ಟು ಸಾಸಿವೆ, ಬೇಳೆಗೆ ಎಷ್ಟು ಕುದಿ, ಎಲ್ಲ. ಫ್ರಾಂಚೈಸಿಯಲ್ಲಿ ಮುಖ್ಯವಾಗಿ ಈ ಮೂರೇ ಬಗೆ. ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಕರಾರಿನಲ್ಲಿ ಏನು ಬರೆದಿದೆಯೋ ಅದನ್ನು ಹಿಡಿದೇ ನಡೆಯಬೇಕು.

ಅಡುಗೆಯವಳ ಹೋಟೆಲು ಚೆನ್ನಾಗಿ ನಡೆಯಿತು. ಮನೆಯಲ್ಲಿ ಒಲೆ ಹಚ್ಚಲು ಬಿಡುವೇ ಇಲ್ಲದಷ್ಟು ಚೆನ್ನಾಗಿ. ಆದರೆ ಅವಳಿಗೊಂದು ಆಸೆ ಇತ್ತು. ಯುಗಾದಿಯ ಹೊತ್ತಿಗೆ ಅವಳ ತಾಯಿ ಹುಣಸೆ ಚಿಗುರು ಹಾಕಿ ಬೇಳೆ ಮಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಆ ರುಚಿ ಇವಳ ಕೈಯಲ್ಲಿ ಮಾತ್ರ ಉಳಿದಿತ್ತು. ಮರ ಚಿಗುರಿದಾಗಲೆಲ್ಲ ಅವಳಿಗೆ ಅವ್ವನ ನೆನಪಾಗುತ್ತಿತ್ತು. ಒಮ್ಮೆ ತಡೆಯಲಾರದೆ ವ್ಯಾಪಾರಿಯ ಬಳಿ ಹೋದಳು.

"ಅಣ್ಣಾರ, ವರ್ಷಕ್ಕ ಒಂದ ದಿನ ಸಾಕ್ರಿ. ನಮ್ಮವ್ವನ ಬ್ಯಾಳಿ ಮಾಡಿ ಬಡಸ್ತೀನಿ."

ವ್ಯಾಪಾರಿ ಕೆಟ್ಟವನಲ್ಲ. "ತಂಗೆವ್ವಾ, ಅಲ್ಲಿ ಉಂಡದ್ದ ಇಲ್ಲಿ ಸಿಗತದಂತ ಮಂದಿ ನನ್ನ ಹೆಸರ ನೋಡಿ ಬರತಾರ. ನಿಮ್ಮವ್ವನ ಹೆಸರ ನೋಡಿ ಅಲ್ಲ. ಕರಾರ ಮುಗೀಲಿ, ಆಮ್ಯಾಲ ಮಾಡಿಕೊ" ಎಂದ. ಅವಳು ಒಂಬತ್ತು ವರ್ಷ ಕಾದಳು.

ಕರಾರು ಮುಗಿದ ದಿನ ಬೋರ್ಡು ಇಳಿಸಿ ಹಿಂದಿರುಗಿಸಿದಳು. ಅವ್ವನ ಹೆಸರಿನ ಬೋರ್ಡು ಏರಿಸಿದಳು. ತಾನೇ ಚಿಗುರು ಕಿತ್ತು ತಂದು ಬೇಳೆ ಮಾಡಿದಳು. ಉಂಡವರೆಲ್ಲ ಹೊಗಳಿದರು. ಕೊನೆಗೆ ಅವಳೂ ಒಂದು ಸೌಟು ಬಡಿಸಿಕೊಂಡಳು. ಅದು ವ್ಯಾಪಾರಿಯ ರುಚಿ. ಸಾಸಿವೆ, ಕುದಿ ಎಲ್ಲ ಅವನ ಅಳತೆಗೇ ಬಿದ್ದಿತ್ತು. ಮತ್ತೆ ಮಾಡಿದಳು, ಮತ್ತೆ ಅದೇ. ಕೇಳೋಣವೆಂದರೆ ಅವ್ವ ಇಲ್ಲ. ಅವಳು ಒಲೆಯ ಮುಂದೆ ಕೂತು ಅತ್ತಳು.

ಬಸವಂತ ಅಕ್ಕನ ಕರಾರಿನ ಹಾಳೆಗಳನ್ನು ತಿರುವಿದ. "ವ್ಯಾಪಾರಿ ಎಲ್ಲೂ ಕರಾರು ಮೀರಲಿಲ್ಲ ಗುರುಗಳೇ. ಅವಳು ಯಾರ ಮೇಲೆ ದಾವೆ ಹೂಡಬೇಕು?"

ವಕೀಲರೆಂದರು: "ಹೆಸರು ಹಿಂದಿರುಗಿಸುವ ಕಲಮು ಎಲ್ಲ ಕರಾರಿನಲ್ಲೂ ಇರುತ್ತದೆ, ಕೈಯ ರುಚಿ ಹಿಂದಿರುಗಿಸುವ ಕಲಮನ್ನು ನಿಮ್ಮ ಅಕ್ಕನಿಗೆ ನೀನು ಬರೆದುಕೊಡುತ್ತೀಯಾ?"