ಗಡಿಗೆಯ ತಳದ ಮೊಸರು

ಡಂಗುರ ಸಾರಿದ್ದು ಹೀಗೆ: "ದೊರೆಗೆ ಅರಮನೆಯ ಊಟ ರುಚಿಸುತ್ತಿಲ್ಲ. ಚಿಕ್ಕಂದಿನಲ್ಲಿ ಉಣಿಸಿದ ಸಾಕವ್ವ ಮೂರು ಒಗಟು ಹೇಳಿ, ಬಿಡಿಸದೆ ತೀರಿಕೊಂಡಳು. ಮೂರನ್ನೂ ಬಿಡಿಸಿ ಉಣಿಸಿದವನಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುವುದು."

ಮೊದಲು ಬಂದವನು ಸಕ್ಕರೆ ವ್ಯಾಪಾರಿಯ ಮಗ.

"ಹಲ್ಲಿಗೆ ತೋರಿಸದೆ ಹೊಟ್ಟೆಗೆ ಕಳಿಸಬೇಕು. ನೀರಲ್ಲ. ಏನದು?" ಎಂದ ದೊರೆ.

ಹುಡುಗ ಪಾಯಸ ತಂದ. ದೊರೆಯ ಹಲ್ಲಿಗೆ ದ್ರಾಕ್ಷಿ ಸಿಕ್ಕಿತು. ಹುಡುಗನನ್ನು ಸೆರೆಗೆ ಹಾಕಿದರು.

ಆಮೇಲೆ ಬಂದವನು ಬಳೆಗಾರ ಚನ್ನಿಗ. ರಾಗಿಮುದ್ದೆ ತಂದ. ದೊರೆ ಅಗಿದ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಚನ್ನಿಗ ಹೆದರಿ ಕಾಲಿಗೆ ಬಿದ್ದ. ಅವನೂ ಸೆರೆಗೆ ಹೋದ.

ಚನ್ನಿಗನ ಹೆಂಡತಿಗೆ ಗಿರಿಯ ಎಂಬ ತಮ್ಮನಿದ್ದ, ಬುಟ್ಟಿ ಹೆಣೆಯುವವನು. ಅಮಾವಾಸ್ಯೆಗೆ ಮೂರು ದಿನ ಇರುವಾಗ ಅವನೂ ಮುದ್ದೆ ತಂದ.

"ಇದನ್ನು ಆಗಲೇ ನೋಡಿದ್ದೇನೆ," ಎಂದ ದೊರೆ.

"ಭಾವ ತಂದದ್ದು ಸರಿ ಬುದ್ಧಿ. ನೀವು ಉಂಡದ್ದು ತಪ್ಪು."

ಕಾವಲಿನವನು ಕತ್ತಿಗೆ ಕೈ ಹಾಕಿದ.

"ಅಗಿಯಬೇಡಿ. ಸಾರಿಗೆ ಅದ್ದಿ ನುಂಗಿ."

ದೊರೆ ನುಂಗಿದ. ಇನ್ನೊಂದು ತುತ್ತು ಮುರಿದ.

"ಎರಡನೆಯದು. ಇವತ್ತು ಮಾಡಿದರೆ ನಾಳೆ ರುಚಿ, ನಾಡಿದ್ದು ಹಳಸಲು."

ಗಿರಿಯ ತನ್ನ ಮನೆಗೆ ಓಡಿ ಹಿಂದಿನ ದಿನದ ಬಸ್ಸಾರು ತಂದ. ಕುದಿಸಿ ಕುದಿಸಿ ಗಟ್ಟಿಯಾಗಿತ್ತು.

"ತಂಗಳು ಸಾರು ದೊರೆಗೆ?" ಎಂದ ಅರಮನೆಯ ಹೊಸ ಅಡುಗೆಯವನು.

ದೊರೆ ಆಗಲೇ ಎಲೆ ಬಳಿಯುತ್ತಿದ್ದ.

"ಮೂರನೆಯದು. ದಿನಾ ಉಂಡರೂ ಮುಗಿಯದು. ಒಂದು ದಿನ ಪೂರ್ತಿ ಉಂಡರೆ ನಾಳೆಗೆ ಇಲ್ಲ. ಈ ಮನೆಯಲ್ಲಿ ಸತ್ತರೂ ಆ ಮನೆಯಲ್ಲಿ ಬದುಕಿರುತ್ತದೆ. ನಾಳೆ ಬೆಳಗ್ಗೆ ಉಣಿಸಬೇಕು."

ಗಿರಿಯ ತನ್ನ ಮನೆ ಮುಟ್ಟಿದಾಗ ಮುಸ್ಸಂಜೆ. ಅವ್ವ ಈರವ್ವ ದೀಪಕ್ಕೆ ಬತ್ತಿ ಹಿಡಿದಿದ್ದಳು. ಒಗಟು ಕೇಳಿ ಬತ್ತಿ ಕೆಳಗಿಟ್ಟಳು.

"ದೀಪ ಹಚ್ಚಿದ ಮೇಲೆ ಮನೆಯ ಹೆಪ್ಪು ಹೊರಗೆ ಕೊಡಬಾರದು. ಇನ್ನೂ ಹಚ್ಚಿಲ್ಲ. ತಗೊಂಡು ನಡಿ. ನಾನು ಈ ಮನೆಗೆ ಬಂದ ವರ್ಷ ಆ ಸಾಕವ್ವನೇ ಕೊಟ್ಟ ಹೆಪ್ಪು ಇದು."

ಅರಮನೆಯ ಹಾಲಿಗೆ ಗಿರಿಯ ಒಂದು ಚಮಚ ಮೊಸರು ಬೆರೆಸಿದ. ಗಡಿಗೆಯ ಪಕ್ಕದಲ್ಲೇ ಕೂತ. ಕಾವಲಿನವನೂ ಕತ್ತಿ ಹಿಡಿದು ಅಲ್ಲೇ ಕೂತ.

"ಹೆಪ್ಪಾಗದಿದ್ದರೆ?" ಎಂದ ಕಾವಲಿನವನು.

"ಅಲುಗಾಡಿಸಬೇಡ," ಎಂದ ಗಿರಿಯ.

ಬೆಳಗಾಯಿತು. ಮುಚ್ಚಳ ತೆಗೆದರು. ಮೊಸರು ಕತ್ತರಿಸುವಷ್ಟು ಗಟ್ಟಿಯಾಗಿತ್ತು. ದೊರೆ ಒಂದು ತುತ್ತು ಬಾಯಿಗಿಟ್ಟ. ಗಡಿಗೆಯನ್ನು ಹತ್ತಿರ ಎಳೆದುಕೊಂಡ.

"ಸಾಕವ್ವನ ಮೊಸರು," ಎಂದ. ಆಮೇಲೆ ಅಡುಗೆಯವನ ಕಡೆ ತಿರುಗಿದ. "ನಮ್ಮ ಹೆಪ್ಪು ಏನಾಯಿತು?"

"ಗಡಿಗೆ ಹಳೆಯದಾಗಿತ್ತು ಬುದ್ಧಿ. ತಳ ಉಜ್ಜಿ ತೊಳೆದು ಕೇಸರಿ ಹಾಲು ತುಂಬಿಸಿದೆ."

ಗಿರಿಯ ಬಿಡಿಸಿ ಹೇಳಿದ: "ಮೊದಲನೆಯದು ಮುದ್ದೆ. ಎರಡನೆಯದು ಬಸ್ಸಾರು. ಮೂರನೆಯದು ಹೆಪ್ಪು. ಇಲ್ಲಿ ತೊಳೆದು ಹೋಯಿತು. ನಮ್ಮಲ್ಲಿ ಉಳಿದಿತ್ತು."

"ಏನು ಬೇಕು?"

"ಭಾವ ಬೇಕು. ಆ ಸಕ್ಕರೆ ಹುಡುಗನನ್ನೂ ಬಿಡಿ."

"ನಿನಗೆ?"

"ಇನ್ನು ಮೇಲೆ ಗಡಿಗೆಯ ತಳ ಬಳಿಯಬೇಡಿ. ನಮ್ಮ ಮನೆಯ ಹೆಪ್ಪು ಕೆಟ್ಟರೆ ನಾವು ಇಲ್ಲಿಗೇ ಬರಬೇಕು."

ದೊರೆ ಇಬ್ಬರನ್ನೂ ಬಿಟ್ಟ. ಗಿರಿಯನಿಗೆ ಎರಡು ಕರೆಯುವ ಹಸು ಕೊಟ್ಟ.

ಚನ್ನಿಗ ಮನೆಗೆ ಬಂದು ಮುದ್ದೆಗೆ ಕೂತ. ಎದುರಿಗೆ ಹೆಂಡತಿ ಅಳುತ್ತಿದ್ದಳು. ಅವನು ಒಂದೊಂದೇ ತುತ್ತು ನುಂಗಿದ. ಕೊನೆಗೆ ಮಜ್ಜಿಗೆ ಕೇಳಿದ.